ಯುದ್ಧವಿಮಾನದ ಚಿತ್ರ ನೋಡುವುದು ಹೇಗೆ? ವಿಮಾನವನ್ನು ಕೊನೆಗೆ ನೋಡಿ

ಯುದ್ಧವಿಮಾನದ ಚಿತ್ರ ಕಂಡ ಕೂಡಲೇ ಬಾಯಿಗೆ ಬರುವ ಮೊದಲ ಪ್ರಶ್ನೆ ‘ಇದು ಯಾವ ವಿಮಾನ?’. ಸ್ಪಿಟ್‌ಫೈರ್ ಅಂತಲೋ ಮಿಗ್ ಅಂತಲೋ ಗೊತ್ತಾದರೆ ಕೆಲಸ ಮುಗಿಯಿತು, ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಚಿತ್ರಕಲೆ ಬಲ್ಲವರಲ್ಲಿ ಅನೇಕರು ಇಂಥ ಚಿತ್ರದ ಮುಂದೆ ನಿಲ್ಲುವುದೇ ಇಲ್ಲ. ‘ಕ್ಯಾಲೆಂಡರ್ ಚಿತ್ರ’ ಅಂತ ಮೂಗು ಮುರಿಯುತ್ತಾರೆ. ಇಬ್ಬರಿಗೂ ನಷ್ಟವೇ.

ಇಲ್ಲಿ ಹೇಳುವ ದಾರಿ ಸ್ವಲ್ಪ ಉಲ್ಟಾ. ವಿಮಾನವನ್ನು ಕೊನೆಗೆ ನೋಡಿ. ಮೊದಲು ಚಿತ್ರಕಾರ ಎಲ್ಲಿ ನಿಂತು ನೋಡುತ್ತಿದ್ದಾನೆ ಅಂತ ಹುಡುಕಿ. ಆಮೇಲೆ ಆಕಾಶ, ಆಮೇಲೆ ನೆಲ. ಅದೆಲ್ಲ ಆದ ಮೇಲೆ ರೆಕ್ಕೆ, ಬಾಲ, ಗುರುತು. ಈ ಬಗೆಯ ಚಿತ್ರಗಳಲ್ಲಿ ಕ್ಯಾನ್ವಾಸಿನ ಹೆಚ್ಚಿನ ಜಾಗ ಆಕಾಶಕ್ಕೇ ಹೋಗಿರುತ್ತದೆ. ಅಷ್ಟು ಜಾಗವನ್ನು ನೋಡದೆ ಬಿಟ್ಟರೆ ಚಿತ್ರ ನೋಡಿದ ಹಾಗೆ ಆಗುತ್ತದಾ?

ಇದಕ್ಕೆ ಲಂಡನ್ನಿಗೇ ಹೋಗಬೇಕಾಗಿಲ್ಲ. ಅಲ್ಲಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ಟೇಟ್ ಗ್ಯಾಲರಿ ತಮ್ಮ ಸಂಗ್ರಹದ ಬಹಳಷ್ಟು ಚಿತ್ರಗಳನ್ನು ವೆಬ್‌ಸೈಟಿನಲ್ಲಿ ಹಾಕಿವೆ. ಮುಂದೆ ಹೇಳುವ ಹೆಸರುಗಳನ್ನು ಹುಡುಕಿ ತೆರೆದುಕೊಳ್ಳಿ. ಮೊಬೈಲ್ ಬೇಡ, ದೊಡ್ಡ ಸ್ಕ್ರೀನ್ ಇರಲಿ. ಚಿತ್ರದ ಅಳತೆಯನ್ನು ಮೊದಲು ಓದಿ. ಒಂದೂವರೆ ಮೀಟರ್ ಅಗಲದ ತೈಲವರ್ಣವೂ ನೋಟ್‌ಬುಕ್ಕಿನಷ್ಟು ದೊಡ್ಡ ಜಲವರ್ಣವೂ ಸ್ಕ್ರೀನಿನಲ್ಲಿ ಒಂದೇ ಸಮ ಕಾಣುತ್ತವೆ. ಎದುರಿಗೆ ನಿಂತರೆ ಮೈಮೇಲೆ ಆಗುವ ಪರಿಣಾಮ ಮಾತ್ರ ಬೇರೆಯೇ.

ಹೆಜ್ಜೆ 1: ಕಣ್ಣು ಎಲ್ಲಿದೆ?

ಚಿತ್ರದಲ್ಲಿ ಭೂಮಿ ಮತ್ತು ಆಕಾಶ ಸೇರುವ ಗೆರೆ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ. ಅದು ನೇರವಾಗಿದೆಯಾ, ಓರೆಯಾಗಿದೆಯಾ, ಅಥವಾ ಇಲ್ಲವೇ ಇಲ್ಲವಾ? ನೋಡುವವನು ನೆಲದ ಮೇಲಿದ್ದಾನಾ, ಪಕ್ಕದ ವಿಮಾನದಲ್ಲಾ, ಕಾಕ್‌ಪಿಟ್ಟಿನ ಒಳಗಾ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಮೂರು ಚಿತ್ರಗಳನ್ನು ಪಕ್ಕಪಕ್ಕ ಇಡಿ. ಮೊದಲನೆಯದು ಬ್ರಿಟನ್ನಿನ ಸಿ.ಆರ್.ಡಬ್ಲ್ಯೂ. ನೆವಿನ್ಸನ್ 1917ರಲ್ಲಿ ಮಾಡಿದ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ), ‘ಬ್ಯಾಂಕಿಂಗ್ ಅಟ್ 4000 ಫೀಟ್’. ವಿಮಾನ ವಾಲಿದೆ, ಕೆಳಗಿನ ಹೊಲಗಳು ಓರೆಯಾಗಿ ನಿಂತಿವೆ. 4000 ಅಡಿ ಅಂದರೆ ಸುಮಾರು 1200 ಮೀಟರ್. ಆ ಕಾಲದ ಜನರಲ್ಲಿ ಬಹುಪಾಲು ಯಾರೂ ಭೂಮಿಯನ್ನು ಹಾಗೆ ಕಂಡಿರಲಿಲ್ಲ. ನಮಗೆ ವಿಮಾನದ ಕಿಟಕಿ ಅಭ್ಯಾಸವಾಗಿ ಹೋಗಿದೆ. ಅದನ್ನು ಸ್ವಲ್ಪ ಹೊತ್ತು ಮರೆತು ನೋಡಿ.

ಎರಡನೆಯದು ಇಟಲಿಯ ತುಲ್ಲಿಯೊ ಕ್ರಾಲಿ 1939ರಲ್ಲಿ ಬರೆದದ್ದು. ವಿಮಾನ ಮೂಗು ಕೆಳಗೆ ಮಾಡಿ ನಗರದ ಮೇಲೆ ಧುಮುಕುತ್ತಿದೆ. ನೀವು ಪೈಲಟ್ ಬೆನ್ನ ಹಿಂದೆ ಕೂತಿದ್ದೀರಿ. ದಿಗಂತವೇ ಇಲ್ಲ. ಕಟ್ಟಡಗಳೆಲ್ಲ ಚೂಪಾಗಿ ಮುಖಕ್ಕೆ ಬರುತ್ತಿವೆ. ರೊವೆರೆಟೊದ ಮಾರ್ಟ್ ಮ್ಯೂಸಿಯಂನಲ್ಲಿರುವ ಈ ಚಿತ್ರದ ವೇಗಕ್ಕೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಕೆಳಗಿನ ಬೀದಿಯಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ ಅನ್ನುವುದು ಹೊಳೆಯುವುದು ಆಮೇಲೆ. ಕ್ರಾಲಿ ಇದ್ದ ‘ಏರೋಪಿತ್ತೂರಾ’ ಪಂಥಕ್ಕೆ ವಿಮಾನ, ವೇಗ, ಯಂತ್ರ ಅಂದರೆ ಹುಚ್ಚು ಪ್ರೀತಿ. ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತದ ಜೊತೆ ಅದಕ್ಕೆ ನಂಟೂ ಇತ್ತು. ಚಿತ್ರ ಅದ್ಭುತವಾಗಿದೆ, ಮನಸ್ಸಿಗೆ ಹಿತವಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕಾದ ಚಿತ್ರ ಇದು.

ಮೂರನೆಯದು ಲಾರಾ ನೈಟ್ ಅವರ ‘ಟೇಕ್ ಆಫ್’, 1943. ಇಲ್ಲಿ ಕಣ್ಣು ಸ್ಟರ್ಲಿಂಗ್ ಬಾಂಬರ್‌ನ ಹೊಟ್ಟೆಯೊಳಗಿದೆ. ಹೊರಗಿನ ರೂಪ ಕಾಣುವುದೇ ಇಲ್ಲ. ಇಕ್ಕಟ್ಟಿನ ಜಾಗ, ಉಪಕರಣಗಳು, ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ ಹುಡುಗರು. ಯುದ್ಧವಿಮಾನ ಅಂದರೆ ಜನ ಕೂತು ಕೆಲಸ ಮಾಡುವ ಜಾಗವೂ ಹೌದು ಅಂತ ನೆನಪಿಸುವ ಚಿತ್ರಗಳು ಕಡಿಮೆ.

ಈಗಿನ ಪ್ರಿಂಟ್‌ಗಳಲ್ಲಿ ಜಾಸ್ತಿ ಕಾಣುವುದು ನಾಲ್ಕನೆಯ ಬಗೆ. ಪಕ್ಕದಲ್ಲೇ, ಅದೇ ಎತ್ತರದಲ್ಲಿ, ಅದೇ ವೇಗದಲ್ಲಿ ಹಾರುತ್ತಿರುವ ಒಂದು ಕಣ್ಣು. ತಪ್ಪೇನಲ್ಲ. ಆದರೆ ಹತ್ತು ಚಿತ್ರ ನೋಡಿದಾಗ ಹತ್ತರಲ್ಲೂ ಅದೇ ಕೋನ ಇದ್ದರೆ ಚಿತ್ರಕಾರ ಯೋಚಿಸುವುದನ್ನು ನಿಲ್ಲಿಸಿದ್ದಾನೆ ಅಂತಲೇ ಅರ್ಥ.

ಹೆಜ್ಜೆ 2: ಆಕಾಶ

ಇಲ್ಲಿ ಅವಸರ ಬೇಡ. ವಿಮಾನವನ್ನು ಅಂಗೈಯಿಂದ ಮುಚ್ಚಿ. ಉಳಿದದ್ದು ಚಿತ್ರವಾಗಿ ನಿಲ್ಲುತ್ತದಾ? ದಿನದ ಯಾವ ಹೊತ್ತು, ಯಾವ ಋತು, ಎಷ್ಟು ಎತ್ತರ, ಗಾಳಿಯಲ್ಲಿ ತೇವ ಇದೆಯಾ ಅಂತ ಹೇಳಬಲ್ಲಿರಾ? ಒಳ್ಳೆಯ ಚಿತ್ರದಲ್ಲಿ ಹೇಳಬಹುದು. ಸಾಧಾರಣ ಚಿತ್ರದಲ್ಲಿ ನೀಲಿ ಪರದೆ ಮತ್ತು ನಾಲ್ಕು ಹತ್ತಿ ಮೋಡ ಮಾತ್ರ ಸಿಗುತ್ತವೆ.

ಗಮನಿಸಬೇಕಾದ ಕೆಲವು ಸಂಗತಿಗಳಿವೆ. ದೂರ ಹೋದಷ್ಟೂ ಬಣ್ಣ ಮಾಸಿ ನೀಲಿಗೆ ತಿರುಗುತ್ತದೆ, ಕಪ್ಪು ಬಿಳುಪಿನ ಅಂತರ ಕಡಿಮೆಯಾಗುತ್ತದೆ. ತುಂಬಾ ಎತ್ತರದಲ್ಲಿ ತಲೆ ಮೇಲಿನ ಆಕಾಶ ಗಾಢವಾಗಿರುತ್ತದೆ. ಕೆಳಗೆ ಬಿಳಿ ಮೋಡದ ಹಾಸಿದ್ದರೆ ಬೆಳಕು ಕೆಳಗಿನಿಂದಲೂ ಬರುತ್ತದೆ. ಆಗ ವಿಮಾನದ ಹೊಟ್ಟೆ ಪೂರಾ ಕಪ್ಪಾಗಿ ಇರುವುದಿಲ್ಲ. ನೆಲದ ಮೇಲೆ ನಿಲ್ಲಿಸಿದ ವಿಮಾನದ ಫೋಟೊ ನೋಡಿ ನೆರಳು ಹಾಕಿದವರು ಸಿಕ್ಕಿಬೀಳುವುದು ಇಲ್ಲೇ.

ಇನ್ನು ವಿಮಾನದ ಹಿಂದೆ ಬೀಳುವ ಬಿಳಿ ಗೆರೆ. ಎಂಜಿನ್ ಉಗುಳುವ ಬಿಸಿ ಗಾಳಿಯಲ್ಲಿ ನೀರಾವಿ ಇರುತ್ತದೆ. ಹೊರಗೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿ ಇದ್ದರೆ ಅದು ಕೂಡಲೇ ಹೆಪ್ಪುಗಟ್ಟಿ ಗೆರೆಯಾಗುತ್ತದೆ. ಅಂಥ ಚಳಿ ಸಾಮಾನ್ಯವಾಗಿ ಸಿಗುವುದು 8 ಕಿಲೋಮೀಟರ್ ಆಸುಪಾಸಿನಲ್ಲಿ ಮತ್ತು ಅದರ ಮೇಲೆ. ಗೋಪುರಗಳ ಎತ್ತರದಲ್ಲಿ ಇಂಥ ಗೆರೆ ಎಳೆದಿದ್ದರೆ ಅದು ತಪ್ಪು. ಅಥವಾ ಬೇಕಂತಲೇ ಮಾಡಿದ್ದು.

ಬೇಕಂತಲೇ ಮಾಡಿದ್ದಕ್ಕೆ ದೊಡ್ಡ ಉದಾಹರಣೆ ಬ್ರಿಟನ್ನಿನ ಪಾಲ್ ನ್ಯಾಶ್ 1941ರಲ್ಲಿ ಮುಗಿಸಿದ ‘ಬ್ಯಾಟಲ್ ಆಫ್ ಬ್ರಿಟನ್’. ಸುಮಾರು 122 ಸೆಂ.ಮೀ. ಎತ್ತರ, 183 ಸೆಂ.ಮೀ. ಅಗಲ. ಕೆಳಗೆ ಹಾವಿನ ಹಾಗೆ ಹರಿದು ಸಮುದ್ರ ಸೇರುವ ನದಿ. ಮೇಲೆ ಬಿಳಿ ಗೆರೆಗಳು ಸುರುಳಿ ಸುರುಳಿಯಾಗಿ ಆಕಾಶ ತುಂಬಿವೆ. ಉರಿದು ಬೀಳುವ ವಿಮಾನದ ಕಪ್ಪು ಹೊಗೆ, ಒಂದು ಪ್ಯಾರಾಶೂಟ್, ಕಾವಲು ಬಲೂನುಗಳು. ಇನ್ನೊಂದು ಕಡೆ ಸಾಲು ಸಾಲಾಗಿ, ಶಿಸ್ತಾಗಿ ಬರುತ್ತಿರುವ ಜರ್ಮನ್ ವಿಮಾನಗಳು. ವಿಮಾನಗಳು ಎಷ್ಟು ಚಿಕ್ಕವು ಅಂದರೆ ಯಾವುದು ಯಾವ ಮಾದರಿ ಅಂತ ಹೇಳಲು ಆಗುವುದಿಲ್ಲ. ಆ ನೇರ ಸಾಲನ್ನೂ ಈ ಸುರುಳಿಗಳನ್ನೂ ಒಂದಕ್ಕೊಂದು ಹೋಲಿಸಿ ನೋಡಿ. ಯಾರು ಯಾರ ಮೇಲೆ ಬರುತ್ತಿದ್ದಾರೆ, ಯಾರು ತಡೆಯುತ್ತಿದ್ದಾರೆ ಅನ್ನುವುದೆಲ್ಲ ಆ ಗೆರೆಗಳಲ್ಲೇ ಇದೆ.

ಇದು ಒಂದು ದಿನದ ಕಾಳಗದ ಚಿತ್ರವಲ್ಲ. 1940ರ ಜುಲೈನಿಂದ ಅಕ್ಟೋಬರ್‌ವರೆಗೆ ಬ್ರಿಟನ್ ಮೇಲೆ ಬಂದ ಜರ್ಮನ್ ವಿಮಾನಗಳ ಜೊತೆ ನಡೆದ ಕಾಳಗವನ್ನೆಲ್ಲ ನ್ಯಾಶ್ ಒಂದೇ ಆಕಾಶಕ್ಕೆ ತಂದಿದ್ದಾರೆ. ಹಾಗಾಗಿ ‘ಗೆರೆ ಇಷ್ಟು ಕೆಳಗೆ ಬರುತ್ತದಾ’ ಅಂತ ಇಲ್ಲಿ ಅಳತೆಪಟ್ಟಿ ಹಿಡಿಯುವುದರಲ್ಲಿ ಅರ್ಥವಿಲ್ಲ. ನ್ಯಾಶ್‌ಗೆ ಆಸ್ತಮಾ ಇತ್ತು, ಅವರು ಆ ವಿಮಾನಗಳಲ್ಲಿ ಹಾರಲೇ ಇಲ್ಲ. ಆಕಾಶವನ್ನು ನೆಲದ ಮೇಲೆ ನಿಂತೇ ಕಟ್ಟಿದರು.

ಇದಕ್ಕೆ ಪೂರಾ ಬೇರೆ ರುಚಿ ಬೇಕಾದರೆ ಎರಿಕ್ ರವಿಲಿಯಸ್ ಜಲವರ್ಣ ನೋಡಿ. ‘ಟೈಗರ್ ಮಾತ್’, ‘ಸ್ಪಿಟ್‌ಫೈರ್ಸ್ ಅಟ್ ಸಾಬ್ರಿಜ್‌ವರ್ತ್’, ಎರಡೂ 1942ರವು. ಒಣ ಕುಂಚದ ಸಣ್ಣ ಸಣ್ಣ ಗೀರು, ನಡುವೆ ಹಾಗೇ ಬಿಟ್ಟ ಕಾಗದದ ಬಿಳುಪು. ಯುದ್ಧದ ಮಧ್ಯೆಯೂ ಒಂದು ಸಪ್ಪೆ ಬೆಳಗ್ಗೆ ಹೇಗಿರುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ಹಿಡಿದವರು ನನಗೆ ಕಂಡಿಲ್ಲ. ಅದೇ ವರ್ಷ ಸೆಪ್ಟೆಂಬರ್ 2ರಂದು ಐಸ್‌ಲ್ಯಾಂಡಿನಲ್ಲಿ, ಕಾಣೆಯಾದ ವಿಮಾನವನ್ನು ಹುಡುಕಲು ಹೊರಟ ಹಡ್ಸನ್ ವಿಮಾನದಲ್ಲಿ ರವಿಲಿಯಸ್ ಕೂಡ ಹೋದರು. ಆ ವಿಮಾನವೂ ವಾಪಸ್ ಬರಲಿಲ್ಲ. ಅವರಿಗೆ 39 ವರ್ಷ.

ಹೆಜ್ಜೆ 3: ನೆಲ, ಮತ್ತು ಚಿತ್ರದಲ್ಲಿ ಇಲ್ಲದ್ದು

ಕೆಳಗೆ ಏನಿದೆ ನೋಡಿ. ಹೊಲ, ಊರು, ಕಾರ್ಖಾನೆ, ಬರೀ ಮೋಡ? ಬಾಂಬ್ ಬೀಳುವ ಜಾಗವನ್ನು ಚಿತ್ರಕಾರ ತೋರಿಸಿದ್ದಾನಾ, ಚೌಕಟ್ಟಿನ ಹೊರಗೆ ಇಟ್ಟಿದ್ದಾನಾ?

ನೆವಿನ್ಸನ್ ಅವರದ್ದೇ ಇನ್ನೊಂದು ಚಿತ್ರ ‘ಅ ಟೌಬೆ’, 1916. ಟೌಬೆ ಅನ್ನುವುದು ಜರ್ಮನ್ ವಿಮಾನದ ಮಾದರಿ. ಆದರೆ ಚಿತ್ರದಲ್ಲಿ ವಿಮಾನವಿಲ್ಲ. ಮುರಿದ ಮನೆಯ ಮುಂದೆ ಸತ್ತು ಬಿದ್ದ ಒಂದು ಮಗು. ನೆವಿನ್ಸನ್ ಡಂಕರ್ಕ್‌ನಲ್ಲಿ ಗಾಯಾಳುಗಳ ಸೇವೆಗೆ ಹೋಗಿದ್ದಾಗ ಕಂಡದ್ದರಿಂದ ಹುಟ್ಟಿದ ಚಿತ್ರ. ವಾಲಿದ ವಿಮಾನದ ರೋಮಾಂಚನ ಬರೆದದ್ದೂ ಇದೇ ಕೈ ಅನ್ನುವುದನ್ನು ಮರೆಯಬೇಡಿ. ಪಿಕಾಸೊ 1937ರಲ್ಲಿ ಬರೆದ ‘ಗೆರ್ನಿಕಾ’ ಹುಟ್ಟಿದ್ದೂ ವಿಮಾನದಾಳಿಯಿಂದಲೇ. ಗೆರ್ನಿಕಾ ಸ್ಪೇನಿನ ಒಂದು ಊರು, ಆ ವರ್ಷ ಏಪ್ರಿಲ್ 26ರಂದು ಅದರ ಮೇಲೆ ಬಾಂಬ್ ಬಿದ್ದಿತ್ತು. ಸುಮಾರು ಏಳು ಮುಕ್ಕಾಲು ಮೀಟರ್ ಅಗಲದ ಆ ಕ್ಯಾನ್ವಾಸಿನಲ್ಲಿ ಒಂದು ವಿಮಾನವೂ ಇಲ್ಲ. ಯುದ್ಧವಿಮಾನದ ಚಿತ್ರಗಳ ಪಟ್ಟಿಯಲ್ಲಿ ನಾನು ಇವೆರಡನ್ನೂ ಸೇರಿಸುತ್ತೇನೆ. ಒಪ್ಪದವರು ಇದ್ದಾರೆ, ಇರಲಿ.

ಹೆಜ್ಜೆ 4: ಈಗ ವಿಮಾನ

ಇಷ್ಟು ಹೊತ್ತು ಕಾದಿದ್ದಕ್ಕೆ ಈಗ ಮನಸಾರೆ ನೋಡಿ.

ಪ್ರೊಪೆಲ್ಲರ್ ಇದ್ದರೆ ಅಲ್ಲಿಂದ ಶುರು ಮಾಡಿ. ತಿರುಗುವ ಪ್ರೊಪೆಲ್ಲರ್ ಬರೆಯುವುದು ಕಷ್ಟದ ಕೆಲಸ. ಅಲಗುಗಳನ್ನು ಸ್ಪಷ್ಟವಾಗಿ ಬರೆದರೆ ಎಂಜಿನ್ ನಿಂತುಹೋದ ಹಾಗಿರುತ್ತದೆ. ಬಿಟ್ಟೇಬಿಟ್ಟರೆ ಮೂಗು ಬೋಳಾಗುತ್ತದೆ. ಒಳ್ಳೆಯವರು ತೆಳ್ಳಗಿನ ಒಂದು ವೃತ್ತ, ಅದರಲ್ಲಿ ಬಿಸಿಲಿನ ಒಂದೆರಡು ಹೊಳಪು, ಅಷ್ಟರಲ್ಲೇ ಮುಗಿಸುತ್ತಾರೆ.

ಆಮೇಲೆ ರೆಕ್ಕೆಯ ಹಿಂಬದಿಯ ತುದಿಯಲ್ಲಿರುವ ಅಲುಗಾಡುವ ಪಟ್ಟಿಗಳು, ಅಂದರೆ ಏಲೆರಾನ್. ವಿಮಾನ ಎಡಕ್ಕೆ ಉರುಳಲು ಶುರು ಮಾಡುವಾಗ ಎಡಗಡೆಯದು ಮೇಲೆ, ಬಲಗಡೆಯದು ಕೆಳಗೆ. ವಾಲಿದ ಮೇಲೆ ಅವು ಹೆಚ್ಚುಕಡಿಮೆ ಸಮವಾಗುತ್ತವೆ. ಈ ಸಣ್ಣ ವಿವರ ಸರಿ ಇದ್ದರೆ ವಿಮಾನ ಹಾರುತ್ತಿದೆ ಅನಿಸುತ್ತದೆ. ಇಲ್ಲದಿದ್ದರೆ ದಾರದಲ್ಲಿ ಕಟ್ಟಿದ ಆಟಿಕೆ ಅನಿಸುತ್ತದೆ. ಯಾಕೆ ಅಂತ ಗೊತ್ತಿಲ್ಲದವರಿಗೂ ಹಾಗೇ ಅನಿಸುತ್ತದೆ.

ಗಾತ್ರ ನೋಡಿ. ಭಾರತ ಹಾರಿಸಿದ ನ್ಯಾಟ್ ಫೈಟರ್‌ನ ರೆಕ್ಕೆಯ ಅಗಲ 7 ಮೀಟರ್ ಕೂಡ ಇಲ್ಲ. ಅದರ ಎದುರಾಳಿ, ಪಾಕಿಸ್ತಾನದ ಸೇಬರ್‌ನದು 11 ಮೀಟರ್‌ಗಿಂತ ಜಾಸ್ತಿ. ಎರಡೂ ಇರುವ ಚಿತ್ರದಲ್ಲಿ ನ್ಯಾಟ್ ಪುಟಾಣಿಯಾಗಿ ಕಾಣದಿದ್ದರೆ ಅವುಗಳ ಕಾಳಗದ ಸ್ವಾರಸ್ಯವೇ ಹೋಯಿತು.

ಗುರುತುಗಳು ತಾರೀಖು ಹೇಳುತ್ತವೆ. ಮಿತ್ರರಾಷ್ಟ್ರಗಳ ವಿಮಾನಗಳ ರೆಕ್ಕೆ ಮತ್ತು ಮೈ ಮೇಲೆ ಅಗಲವಾದ ಕಪ್ಪು ಬಿಳಿ ಪಟ್ಟೆ ಬಳಿದದ್ದು 1944ರ ಜೂನ್‌ನಲ್ಲಿ, ಫ್ರಾನ್ಸಿನ ನಾರ್ಮಂಡಿ ದಾಳಿಯ ಹೊತ್ತಿಗೆ. ಅದು 1940ರ ಕಾಳಗದ ಚಿತ್ರದಲ್ಲಿ ಬಂದರೆ ತಪ್ಪು. ಈಗಿನ ಭಾರತೀಯ ವಾಯುಪಡೆಯ ಗುರುತಿನಲ್ಲಿ ಹೊರಗಡೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದನ್ನು ತಿರುಗಾಮುರುಗಾ ಮಾಡಿದ ಚಿತ್ರಗಳೂ ಇವೆ.

ಇದನ್ನೆಲ್ಲ ಪುಸ್ತಕದಲ್ಲಿ ಓದುವುದಕ್ಕಿಂತ ನಿಜವಾದ ವಿಮಾನದ ಸುತ್ತ ಒಂದು ಸುತ್ತು ಹಾಕುವುದು ಒಳ್ಳೆಯದು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸದಲ್ಲಿ ನಮ್ಮಲ್ಲೇ ಕಟ್ಟಿ, 1961ರ ಜೂನ್ 17ರಂದು ಮೊದಲು ಹಾರಿಸಿದ ವಿಮಾನ. ಅದರ ಮೂಗಿನ ಕೆಳಗೆ ನಿಂತು, ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಬೆಳಕು ಹೇಗೆ ಬಾಗುತ್ತದೆ ನೋಡಿ. ಆಮೇಲೆ ಹಾರುವುದನ್ನೂ ನೋಡಿ. ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಹೋದರೆ ಸರಿ. ಬೀದರಿನವರಿಗೆ ಅದೂ ಬೇಡ, ವಾಯುಪಡೆಯ ಕಸರತ್ತಿನ ಸೂರ್ಯಕಿರಣ್ ತಂಡದ ಮನೆಯೇ ಅಲ್ಲಿದೆ. ಬಿಳಿ ಆಕಾಶದ ಎದುರು ಬಂದಾಗ ವಿಮಾನದ ಬಣ್ಣವೆಲ್ಲ ಹೋಗಿ ಕಪ್ಪು ಆಕಾರ ಮಾತ್ರ ಉಳಿಯುತ್ತದೆ. ವಾಲಿದಾಗ ಒಂದು ಕ್ಷಣ ಮಿಂಚುತ್ತದೆ, ಅಷ್ಟೇ. ಎಲ್ಲ ಗುರುತು, ಎಲ್ಲ ನಂಬರ್ ಸ್ಪಷ್ಟವಾಗಿ ಕಾಣುವ ಚಿತ್ರಗಳು ಎಷ್ಟು ಕೃತಕ ಅಂತ ಆಗ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ವಿವರ ಸರಿ ಇರುವುದು ಹಾಡಿಗೆ ಶ್ರುತಿ ಇದ್ದ ಹಾಗೆ. ತಪ್ಪಿದರೆ ಕೇಳಲಾಗುವುದಿಲ್ಲ, ಹಾಗಂತ ಶ್ರುತಿಯೇ ಹಾಡಲ್ಲ. ತಿರುಪು ಮೊಳೆ ಎಣಿಸಿ ಬರೆದ ಎಷ್ಟೋ ಚಿತ್ರಗಳು ಮರುದಿನ ನೆನಪಿರುವುದಿಲ್ಲ.

ಹೆಜ್ಜೆ 5: ಚಿತ್ರಕಾರನಿಗೆ ಹೇಗೆ ಗೊತ್ತು?

ಕಾಳಗದ ಚಿತ್ರವಾದರೆ ಈ ಪ್ರಶ್ನೆ ಕೇಳಲೇಬೇಕು. ನಮ್ಮದೇ ಎರಡು ಘಟನೆಗಳನ್ನು ತೆಗೆದುಕೊಳ್ಳಿ. ಎರಡನ್ನೂ ಚಿತ್ರಕಾರರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ.

1971ರ ನವೆಂಬರ್ 22, ಬಂಗಾಳದ ಬೊಯ್ರಾ. ನಮ್ಮ ವಾಯುಪಡೆಯ 22ನೇ ಸ್ಕ್ವಾಡ್ರನ್‌ನ (ವಿಮಾನಗಳ ತುಕಡಿ) ನಾಲ್ಕು ನ್ಯಾಟ್‌ಗಳು ಪಾಕಿಸ್ತಾನದ ಸೇಬರ್‌ಗಳ ಮೇಲೆ ಬಿದ್ದವು. ಕಾಳಗ ನಡೆದದ್ದು ಮಧ್ಯಾಹ್ನ. ನೆಲದ ಮೇಲಿನ ಸೈನಿಕರು ನೋಡಿದರು. ನಮ್ಮ ನಾಲ್ವರು ಪೈಲಟ್‌ಗಳೂ ವಾಪಸ್ ಬಂದು ಹೇಳಿದರು. ಪ್ಯಾರಾಶೂಟಿನಲ್ಲಿ ಇಳಿದ ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಸೆರೆ ಸಿಕ್ಕರು. ಚಿತ್ರಕಾರನಿಗೆ ಬೇಕಾದಷ್ಟು ಸಾಮಗ್ರಿ ಇದೆ. ಹಾಗಾಗಿ ಇಲ್ಲಿ ನಾವು ಬಿಗಿಯಾಗಿ ಕೇಳಬಹುದು. ಬಿಸಿಲು ಸರಿಯಾದ ಕಡೆಯಿಂದ ಬೀಳುತ್ತಿದೆಯಾ? ಕೆಳಗೆ ಕಾಣುವುದು ಬಂಗಾಳದ ಗದ್ದೆ ಮತ್ತು ಕೆರೆಗಳಾ, ಅಥವಾ ಯಾವುದೋ ಮರುಭೂಮಿಯಾ?

ಇನ್ನೊಂದು 1965ರ ಸೆಪ್ಟೆಂಬರ್ 7. ಆದಂಪುರದಿಂದ ಹೊರಟ 1ನೇ ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ಕೊಡಗಿನವರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಬದಲಿ ಪೈಲಟ್ ಆಗಿ ಹೊರಟು ದಾಳಿಯಲ್ಲಿ ಸೇರಿಕೊಂಡರು. ಅವರು ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅವರು ತಮಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ್ದರು. ಅದು ಹೊರಗೆ ಬಂದದ್ದು ಪಾಕಿಸ್ತಾನದ ಕಡೆಯ ವಿವರಗಳಿಂದ, ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದ ಮೂಲಕ, ವರ್ಷಗಳು ಕಳೆದ ಮೇಲೆ. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ.

ಈ ಕಾಳಗದ ಚಿತ್ರ ಎದುರಿಗೆ ಬಂದರೆ ಹೇಗೆ ನೋಡುವುದು? ಚಿತ್ರಕಾರನಿಗೆ ಖಚಿತವಾಗಿ ಗೊತ್ತಿರುವುದು ಇಷ್ಟು: ಎರಡು ವಿಮಾನಗಳ ಮಾದರಿ, ಬೆಳಗಿನ ಹೊತ್ತು, ಪಂಜಾಬಿನ ಸಪಾಟು ನೆಲ, ಮತ್ತು ಕೊನೆಗೆ ಆದದ್ದು. ಯಾರು ಯಾವ ಕೋನದಲ್ಲಿ ತಿರುಗಿದರು, ಗುಂಡು ಎಲ್ಲಿ ತಾಗಿತು, ಇದಕ್ಕೆಲ್ಲ ನಮ್ಮವರ ಕಣ್ಣಿನ ಸಾಕ್ಷಿ ಇಲ್ಲ. ಅಂದರೆ ಅದು ಕಟ್ಟಿಕೊಂಡ ದೃಶ್ಯ. ಕಟ್ಟಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಎಲ್ಲವನ್ನೂ ಫೋಟೊದಷ್ಟು ಚೂಪಾಗಿ ಬರೆದ ಚಿತ್ರಕ್ಕಿಂತ, ಮಂಜು ಹೊಗೆಯಲ್ಲಿ ಅರ್ಧ ಮರೆಯಾಗಿಸಿದ ಚಿತ್ರವೇ ಇಲ್ಲಿ ಹೆಚ್ಚು ಪ್ರಾಮಾಣಿಕ ಅಂತ ನನಗನಿಸುತ್ತದೆ.

ಹೆಜ್ಜೆ 6: ಬರೆಸಿದವರು ಯಾರು?

ಸರ್ಕಾರವಾ, ಸ್ಕ್ವಾಡ್ರನ್ನಾ, ಪ್ರಿಂಟ್ ಮಾರುವ ಕಂಪನಿಯಾ, ಅಥವಾ ಯಾರೂ ಹೇಳದೆ ಚಿತ್ರಕಾರನೇ ಬರೆದದ್ದಾ? ಸ್ಕ್ವಾಡ್ರನ್ ಬರೆಸಿದ ಚಿತ್ರ ಒಂದು ಗೌರವ. ಅಲ್ಲಿ ಸೋಲು, ಭಯ ಹುಡುಕಿದರೆ ಸಿಗುವುದಿಲ್ಲ. ಅಮೆರಿಕದ ಜೇಮ್ಸ್ ರೋಸನ್‌ಕ್ವಿಸ್ಟ್ 1964-65ರಲ್ಲಿ ಬರೆದ ‘ಎಫ್-111’ ಇದಕ್ಕೆ ಪೂರಾ ವಿರುದ್ಧ. 86 ಅಡಿ ಉದ್ದದ ಚಿತ್ರದಲ್ಲಿ ಬಾಂಬರ್ ವಿಮಾನದ ಮೈ ಉದ್ದಕ್ಕೂ ಟೈರು, ಬಲ್ಬು, ಶಾವಿಗೆ, ಹೇರ್ ಡ್ರೈಯರ್ ಕೆಳಗೆ ಕೂತ ಹುಡುಗಿ. ಯುದ್ಧವೂ ಅಂಗಡಿ ಸಾಮಾನೂ ಒಂದೇ ಕಾರ್ಖಾನೆಯಿಂದ ಬರುತ್ತವೆ ಅಂತ ಚುಚ್ಚುವ ಚಿತ್ರ.

ಹೆಜ್ಜೆ 7: ಒಂದೇ ಚಿತ್ರದ ಮುಂದೆ ಅರ್ಧ ಗಂಟೆ

ಈಗ ಎಲ್ಲವನ್ನೂ ಒಂದೇ ಚಿತ್ರದ ಮೇಲೆ ಪ್ರಯೋಗಿಸಿ. ನ್ಯಾಶ್ ಅವರ ‘ಟೋಟಸ್ ಮೇರ್’, 1940-41, ಟೇಟ್ ಗ್ಯಾಲರಿ, ಸುಮಾರು 102 × 152 ಸೆಂ.ಮೀ. ಹೆಸರು ಜರ್ಮನ್, ಅರ್ಥ ಸತ್ತ ಸಮುದ್ರ.

ಕಣ್ಣು ಎಲ್ಲಿದೆ? ನೆಲದ ಮೇಲೆ, ದಡದಲ್ಲಿ ನಿಂತ ಮನುಷ್ಯನ ಎತ್ತರದಲ್ಲಿ. ಆಕಾಶ? ರಾತ್ರಿ, ಚಂದ್ರ, ತಣ್ಣನೆ ಹಸಿರು ಬೂದು ಬೆಳಕು. ಕಾಳಗದ ಸುಳಿವೇ ಇಲ್ಲ. ನೆಲ? ಮೊದಲ ನೋಟಕ್ಕೆ ಅಲೆಗಳು ದಡಕ್ಕೆ ಅಪ್ಪಳಿಸುತ್ತಿವೆ. ದಿಟ್ಟಿಸಿದರೆ ಅವು ಅಲೆಗಳಲ್ಲ, ಮುರಿದ ರೆಕ್ಕೆಗಳು. ಅಲ್ಲಲ್ಲಿ ಜರ್ಮನ್ ಶಿಲುಬೆ ಗುರುತು. ಅಷ್ಟರ ಮೇಲೆ ಹಾರುತ್ತಿರುವುದು ಒಂದೇ ಒಂದು ಗೂಬೆ. ಜೀವ ಇರುವುದು ಅದಕ್ಕೆ ಮಾತ್ರ.

ಸಾಕ್ಷಿ? ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿ ಬಿದ್ದ ವಿಮಾನಗಳ ಗುಜರಿ ರಾಶಿ ಇತ್ತು. ನ್ಯಾಶ್ ಅಲ್ಲಿಗೆ ಹೋಗಿ ಫೋಟೊ ತೆಗೆದುಕೊಂಡಿದ್ದರು. ಆ ರಾಶಿಯಲ್ಲಿ ಬ್ರಿಟಿಷ್ ವಿಮಾನಗಳೂ ಇದ್ದವು. ಚಿತ್ರದಲ್ಲಿ ಜರ್ಮನ್ ವಿಮಾನ ಮಾತ್ರ. ಇದು ಪ್ರಚಾರದ ಚಿತ್ರವೂ ಹೌದು ಅಂತ ಆಗ ತಿಳಿಯುತ್ತದೆ. ತಿಳಿದ ಮೇಲೂ ಅದರ ವಿಷಾದ ಕಡಿಮೆಯಾಗದೇ ಇರುವುದು ನ್ಯಾಶ್ ಅವರ ಗೆಲುವು.

ಬರೆಸಿದವರು? ಬ್ರಿಟನ್ನಿನ ವಾಯು ಸಚಿವಾಲಯ ನ್ಯಾಶ್‌ರನ್ನು ಅಧಿಕೃತ ಚಿತ್ರಕಾರರಾಗಿ ಇಟ್ಟುಕೊಂಡಿತ್ತು. ಅಲ್ಲಿನವರಿಗೆ ಅವರ ಕೆಲಸ ಹಿಡಿಸಲಿಲ್ಲ. ಅವರಿಗೆ ಬೇಕಿದ್ದದ್ದು ವಿಮಾನ ವಿಮಾನದ ಹಾಗೇ ಇರುವ ಚಿತ್ರ, ಪೈಲಟ್‌ಗಳ ಭಾವಚಿತ್ರ. 1940ರ ಕೊನೆಗೆ ಆ ಒಪ್ಪಂದ ಮುಗಿಸಿದರು. ಕೆನೆತ್ ಕ್ಲಾರ್ಕ್ ಮುಖ್ಯಸ್ಥರಾಗಿದ್ದ ಯುದ್ಧ ಚಿತ್ರಕಾರರ ಸಮಿತಿ ನ್ಯಾಶ್‌ರನ್ನು ಕೈಬಿಡಲಿಲ್ಲ, ಅವರ ಚಿತ್ರಗಳಿಗೆಂದು ಹಣ ಎತ್ತಿಟ್ಟಿತು. ಮೊದಲು ವಿಮಾನವನ್ನೇ ಹುಡುಕಿದ ಅಧಿಕಾರಿಗಳ ಕೈಗೆ ಬಿಟ್ಟಿದ್ದರೆ ಇದೂ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರವೂ ನಮಗೆ ಸಿಗುವುದು ಅನುಮಾನವಿತ್ತು.

ಮನೆಗೆ ಒಂದು ಪ್ರಿಂಟ್ ಬೇಕಾದರೆ

ಸೀಮಿತ ಸಂಖ್ಯೆಯ ಪ್ರಿಂಟ್‌ಗಳಲ್ಲಿ ಎಷ್ಟು ಪ್ರತಿ ಮಾಡಿದ್ದಾರೆ, ನಿಮ್ಮದು ಎಷ್ಟನೆಯದು ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ಕೆಲವುದರಲ್ಲಿ ಚಿತ್ರಕಾರನ ಜೊತೆ ಆ ಕಾಳಗದಲ್ಲಿದ್ದ ಪೈಲಟ್‌ಗಳ ಸಹಿಯೂ ಇರುತ್ತದೆ. ಬೆಲೆ ಏರುವುದು ಮುಖ್ಯವಾಗಿ ಆ ಸಹಿಗಳಿಂದ. ನಿಮಗೆ ಬೇಕಾಗಿರುವುದು ಸಹಿಯೋ ಚಿತ್ರವೋ ಅಂತ ಮೊದಲೇ ನಿರ್ಧರಿಸಿ. ಚಿತ್ರವೇ ಸಾಕು ಅಂದರೆ ಸಹಿ ಇಲ್ಲದ ಪ್ರಿಂಟ್ ಕಡಿಮೆ ದುಡ್ಡಿಗೆ ಬರುತ್ತದೆ. ಉಳಿದ ದುಡ್ಡಿನಲ್ಲಿ ಒಳ್ಳೆಯ ಫ್ರೇಮ್ ಹಾಕಿಸಿ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ರಟ್ಟಿನ ಅಂಚು ಇರಲಿ, ಹಿಂಬದಿಗೆ ಆಮ್ಲ ಇಲ್ಲದ ರಟ್ಟು ಕೇಳಿ. ನೇರ ಬಿಸಿಲು ಬೀಳುವ ಗೋಡೆ ಬೇಡ. ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಯೂ ಬೇಡ, ಕರಾವಳಿ ಮಲೆನಾಡಿನವರಿಗಂತೂ ಈ ಮಾತು ಕಡ್ಡಾಯ.